ಮೈನಸ್ 18 ಇರಬೇಕಿದ್ದ ಭೂಮಿ 15 ಡಿಗ್ರಿಯಲ್ಲಿ ಹೇಗಿದೆ?

ನಮಸ್ಕಾರ. ಭೂಮಿ ಸೂರ್ಯನಿಗೆ ತೀರ ಹತ್ತಿರವೂ ಇಲ್ಲ, ತೀರ ದೂರವೂ ಇಲ್ಲ, ಅದಕ್ಕೇ ಇಲ್ಲಿ ಜೀವ ಇದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಉತ್ತರ ತಪ್ಪಲ್ಲ, ಆದರೆ ಅರ್ಧ. ಚಂದ್ರನೂ ಸೂರ್ಯನಿಂದ ಅಷ್ಟೇ ದೂರದಲ್ಲಿದ್ದಾನೆ. ಅಲ್ಲಿನ ಸಮಭಾಜಕದ ಬಳಿ ನಡುಹಗಲು ಸುಮಾರು 120 ಡಿಗ್ರಿ ಸೆಲ್ಸಿಯಸ್, ರಾತ್ರಿ ಮೈನಸ್ 130ಕ್ಕಿಂತಲೂ ಕೆಳಗೆ. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ತನ್ನ ‘ಚಾಸ್ಟೆ’ ಉಪಕರಣವನ್ನು ಚಂದ್ರನ ಮಣ್ಣಿಗೆ ಇಳಿಸಿತಲ್ಲ, ಅದು ಮೇಲ್ಮೈಯಲ್ಲಿ 50 ಡಿಗ್ರಿಗೂ ಹೆಚ್ಚು ತೋರಿಸಿತು. ಬರೀ 8 ಸೆಂಟಿಮೀಟರ್ ಕೆಳಗೆ ಮೈನಸ್ 10ರ ಆಸುಪಾಸು. ಗಾಳಿ, ನೀರು ಇಲ್ಲದಿದ್ದರೆ ದೂರವೊಂದರಿಂದ ಸಿಗುವುದು ಇಷ್ಟೇ.

ಈಗ ಭೂಮಿಯ ಲೆಕ್ಕ ಹಾಕೋಣ. ಸೂರ್ಯನಿಗೆ ನೇರ ಮುಖ ಮಾಡಿದ ಒಂದು ಚದರ ಮೀಟರಿಗೆ 1361 ವಾಟ್ ಬರುತ್ತದೆ. ಭೂಮಿ ಬಿಸಿಲನ್ನು ಹಿಡಿಯುವುದು ಒಂದು ತಟ್ಟೆಯಷ್ಟು ವಿಸ್ತೀರ್ಣದಲ್ಲಿ, ಆದರೆ ಶಾಖವನ್ನು ಹೊರಬಿಡುವುದು ಇಡೀ ಗೋಳದಿಂದ. ಗೋಳದ ಮೈ ತಟ್ಟೆಯ ನಾಲ್ಕರಷ್ಟು. ಆದ್ದರಿಂದ ನಾಲ್ಕರಿಂದ ಭಾಗಿಸಿ: 340. ಮೋಡ, ಹಿಮ, ಮರಳು ಸೇರಿ ಶೇ. 30ರಷ್ಟನ್ನು ಹಾಗೇ ಪ್ರತಿಫಲಿಸುತ್ತವೆ, ಉಳಿದದ್ದು 238. ವಸ್ತುವಿನ ಉಷ್ಣತೆಗೂ ಅದು ಹೊರಸೂಸುವ ಶಾಖಕ್ಕೂ ಇರುವ ನಂಟನ್ನು ಹೇಳುವ ಸಂಖ್ಯೆಯೊಂದಿದೆ, ಸ್ಟೀಫನ್–ಬೋಲ್ಟ್ಸ್‌ಮನ್ ಸ್ಥಿರಾಂಕ. 238ನ್ನು ಆ 5.67×10⁻⁸ರಿಂದ ಭಾಗಿಸಿ ಎರಡು ಸಲ ವರ್ಗಮೂಲ ತೆಗೆಯಿರಿ. 255 ಕೆಲ್ವಿನ್, ಅಂದರೆ ಮೈನಸ್ 18 ಡಿಗ್ರಿ. ವಿದ್ಯಾರ್ಥಿಗಳು ಎಡವುವುದು ಆ ನಾಲ್ಕರಲ್ಲಿ. ಅದನ್ನು ಮರೆತರೆ ಉತ್ತರ 87 ಡಿಗ್ರಿ ಬಂದು ಕೂರುತ್ತದೆ.

ನೆಲದ ನಿಜವಾದ ಸರಾಸರಿ ಸುಮಾರು 15 ಡಿಗ್ರಿ. ನಡುವಿನ 33 ಡಿಗ್ರಿ ಎಲ್ಲಿಂದ ಬಂತು? ಒಣ ಗಾಳಿಯ ಶೇ. 99ರಷ್ಟಿರುವ ಸಾರಜನಕ, ಆಮ್ಲಜನಕಗಳಿಂದಲ್ಲ. ನೆಲ ಹೊರಸೂಸುವ ಅವಕೆಂಪು ಕಿರಣಗಳು ಅವುಗಳ ಮೂಲಕ ನಿರಾತಂಕವಾಗಿ ಹಾಯುತ್ತವೆ. ತಡೆಯುವುದು ನೀರಾವಿ, ಇಂಗಾಲದ ಡೈಆಕ್ಸೈಡ್, ಸ್ವಲ್ಪ ಮೀಥೇನ್ ಇತ್ಯಾದಿ. ಇದಕ್ಕೆ ಕಂಬಳಿಯ ಹೋಲಿಕೆ ಕೊಡುವುದು ರೂಢಿ, ನನಗೆ ಅದು ಅಷ್ಟು ಹಿಡಿಸದು. ನಡೆಯುವುದು ಬೇರೆ. ಈ ಅನಿಲಗಳಿರುವುದರಿಂದ ಶಾಖ ನೆಲದಿಂದಲೇ ಬಾಹ್ಯಾಕಾಶಕ್ಕೆ ಪಾರಾಗಲಾರದು. ಸರಾಸರಿ 5 ಕಿಲೋಮೀಟರ್ ಮೇಲಿಂದ ಪಾರಾಗುತ್ತದೆ. ಮೈನಸ್ 18 ಇರುವುದು ಅಲ್ಲಿ. ಅಲ್ಲಿಂದ ಕೆಳಗಿಳಿದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಏರುತ್ತದೆ. ಮಂಗಳೂರಿಗಿಂತ ಮಡಿಕೇರಿ ತಂಪಾಗಿರುವುದೂ ಮುಖ್ಯವಾಗಿ ಇದರಿಂದಲೇ. ಐದನ್ನು ಆರೂವರೆಯಿಂದ ಗುಣಿಸಿ ನೋಡಿ. ಅನಿಲ ಹೆಚ್ಚಾದರೆ ಪಾರಾಗುವ ಎತ್ತರ ಇನ್ನೂ ಮೇಲೇರುತ್ತದೆ, ಕೆಳಗಿನ ನೆಲ ಅಷ್ಟು ಬಿಸಿಯಾಗುತ್ತದೆ.

ಹೆಚ್ಚು ತಡೆಯುವುದು ನೀರಾವಿಯೇ. ಆದರೆ ಅದಕ್ಕೆ ಸ್ವಂತ ನಿರ್ಧಾರವಿಲ್ಲ. ಗಾಳಿ ತಣ್ಣಗಾದರೆ ಮಳೆಯಾಗಿ ಇಳಿಯುತ್ತದೆ, ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇ. 7 ಹೆಚ್ಚು ಆವಿಯನ್ನು ಹಿಡಿಯಬಲ್ಲದು. ನಮ್ಮ ಹವೆಯಲ್ಲಿ ಇಂಗಾಲದ ಡೈಆಕ್ಸೈಡ್ ಹಾಗೆ ಹನಿಯಾಗುವುದಿಲ್ಲ, ಹಾಗಾಗಿ ಹಿಡಿತ ಅದರ ಕೈಯಲ್ಲಿ. ಅದು ವಿಪರೀತವಾದರೆ ಏನಾಗುತ್ತದೆಂಬುದಕ್ಕೆ ಶುಕ್ರನಿದ್ದಾನೆ. ಅವನ ಮೋಡಗಳು ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಕ್ಕೆ ಕಳಿಸುತ್ತವೆ. ಸೂರ್ಯನಿಗೆ ಹತ್ತಿರವಿದ್ದೂ ಭೂಮಿಗಿಂತ ಕಡಿಮೆ ಬಿಸಿಲನ್ನೇ ಹೀರುತ್ತಾನೆ. ಆದರೂ ನೆಲ 460 ಡಿಗ್ರಿ ದಾಟಿದೆ.

ಇನ್ನೂ ಕಠಿಣವಾದ ಪ್ರಶ್ನೆಯೊಂದಿದೆ. 450 ಕೋಟಿ ವರ್ಷಗಳ ಹಿಂದೆ ಸೂರ್ಯನ ಪ್ರಕಾಶ ಇಂದಿನ ಶೇ. 70ರಷ್ಟೇ ಇತ್ತು. ಆಮೇಲೆ ಅದು ಏರುತ್ತ ಬಂದರೂ ಭೂಮಿಯಲ್ಲಿ ಬಹುತೇಕ ಕಾಲ ನೀರು ದ್ರವವಾಗಿಯೇ ಉಳಿದದ್ದು ಹೇಗೆ? ಉತ್ತರದ ದೊಡ್ಡ ಪಾಲು ಕಲ್ಲಿನಲ್ಲಿದೆ. ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ದುರ್ಬಲ ಆಮ್ಲ. ಅದು ಸಿಲಿಕೇಟ್ ಶಿಲೆಯನ್ನು ಸವೆಸಿ ಕ್ಯಾಲ್ಸಿಯಮ್ಮನ್ನು ಹೊಳೆಗೆ, ಹೊಳೆ ಕಡಲಿಗೆ ಒಯ್ಯುತ್ತದೆ. ಅಲ್ಲಿ ಇಂಗಾಲ ಸುಣ್ಣಕಲ್ಲಾಗಿ ತಳ ಸೇರುತ್ತದೆ. ಭೂಫಲಕಗಳ ಜತೆ ಒಳಗಿಳಿದದ್ದು ಜ್ವಾಲಾಮುಖಿಗಳಿಂದ ಮತ್ತೆ ಹೊರಬರುತ್ತದೆ. ಬಿಸಿ ಏರಿದಾಗ ಮಳೆಯೂ ಸವೆತವೂ ಹೆಚ್ಚಿ ಇಂಗಾಲ ತಗ್ಗುತ್ತದೆ. ತಣ್ಣಗಾದಾಗ ಸವೆತ ನಿಧಾನವಾಗಿ, ಜ್ವಾಲಾಮುಖಿ ಉಗುಳಿದ್ದು ಗಾಳಿಯಲ್ಲಿ ಕೂಡುತ್ತ ಹೋಗುತ್ತದೆ. ಕರಾವಳಿಯ ಮುರಕಲ್ಲು ಇಂಥ ಸವೆತದ ಉಳಿಕೆಯೇ: ಕ್ಯಾಲ್ಸಿಯಮ್, ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಮ್ ನಿಂತ ಕಲ್ಲು.

ಈ ಏರ್ಪಾಡು ಕೈಕೊಟ್ಟದ್ದೂ ಉಂಟು. ಸುಮಾರು 72ರಿಂದ 63 ಕೋಟಿ ವರ್ಷಗಳ ಹಿಂದೆ ಎರಡು ಬಾರಿ ಹಿಮ ಸಮಭಾಜಕದ ತನಕ ಬಂದಿತ್ತು. ಸರಿಹೋಗಲು ಲಕ್ಷಾಂತರ ವರ್ಷ ಬೇಕು. ಕೈಗಾರಿಕೆಗೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280 ಇದ್ದ ಇಂಗಾಲದ ಡೈಆಕ್ಸೈಡ್ ಇಂದು 420 ದಾಟಿದ್ದು ಎರಡೂವರೆ ಶತಮಾನದಲ್ಲಿ. ಕಲ್ಲು ಅಷ್ಟು ಬೇಗ ಸವೆಯದು.