ಕವರ್‌ನಲ್ಲಿ ಬರುವ ಹಣಕ್ಕೆ ಏನು ಹೆಸರು?

ಎಲ್ಲರಿಗೂ ನಮಸ್ಕಾರ. ಮೈಕ್ ಕೈಗೆ ಬಂದರೆ ಹಾಡಿ ಅಭ್ಯಾಸ, ಭಾಷಣ ಅಭ್ಯಾಸವಿಲ್ಲ. ಎಲ್ಲಾದರೂ ತಪ್ಪಿದರೆ ಕೀಬೋರ್ಡ್‌ನವರು ಶ್ರುತಿ ಹಿಡಿದುಕೊಡಿ.

ನಾನು 14 ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೇನೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಈ ಕಡೆಯೇ ಜಾಸ್ತಿ. ಇವತ್ತು ಹೇಳುವುದು 27,500 ರೂಪಾಯಿಯ ಕತೆ. 2023ರ ಗಣೇಶನ ಸೀಸನ್‌ನಿಂದ ನವೆಂಬರ್ ರಾಜ್ಯೋತ್ಸವದ ಪ್ರೋಗ್ರಾಂಗಳವರೆಗೆ ಒಂದೇ ತಂಡದಲ್ಲಿ 14 ಕಡೆ ಹಾಡಿದೆ. ಒಂದಕ್ಕೆ 2,500 ಅಂತ ಮಾತು. ಮೂರಕ್ಕೆ ಹಣ ಬಂತು, ಹನ್ನೊಂದಕ್ಕೆ ಬರಲಿಲ್ಲ. ತಂಡದ ಮಾಲೀಕರ ಹೆಸರು ಹೇಳುವುದಿಲ್ಲ. ನೀವು ಆಗಲೇ ಮನಸ್ಸಿನಲ್ಲಿ ಒಂದೊಂದು ಹೆಸರು ಊಹಿಸುತ್ತಿದ್ದೀರಿ, ಗೊತ್ತು. ತಮಾಷೆ ಅಂದರೆ ಒಬ್ಬೊಬ್ಬರದೂ ಬೇರೆ ಬೇರೆ ಹೆಸರು ಇರುತ್ತದೆ.

ಮೊದಲ ಎರಡು ಪ್ರೋಗ್ರಾಂಗೆ ಅದೇ ರಾತ್ರಿ ವಾಪಸ್ ಬರುವಾಗ ಟೆಂಪೋದಲ್ಲೇ ಕವರ್ ಕೊಟ್ಟರು. ಮೂರನೆಯದಕ್ಕೆ ಕೈಯಲ್ಲಿ ಕ್ಯಾಶ್ ಇಲ್ಲ ಅಂತ ಫೋನ್‌ಪೇ ಮಾಡಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ನಾಲ್ಕನೆಯದರಿಂದ ಶುರುವಾಯಿತು. "ಕಮಿಟಿಯವರು ಚೆಕ್ ಕೊಟ್ಟಿದ್ದಾರೆ ಕಣಮ್ಮ, ಪಾಸಾಗ್ಲಿ." ಆಮೇಲೆ, "ಎಲ್ಲಾ ಕಡೆ ಗಣೇಶನ್ನ ಬಿಟ್ಟು ಮುಗೀಲಿ." ಅದಾದ ಮೇಲೆ, "ರಾಜ್ಯೋತ್ಸವ ಆಗ್ಲಿ, ಒಟ್ಟಿಗೆ ಕೊಡ್ತೀನಿ." ಡಿಸೆಂಬರ್‌ನಲ್ಲಿ ಫೋನ್ ಎತ್ತುವುದನ್ನೇ ಬಿಟ್ಟರು.

ನಾಲ್ಕನೆಯದಕ್ಕೇ ದುಡ್ಡು ಬರಲಿಲ್ಲ ಅಂದ ಮೇಲೆ ಐದನೆಯದಕ್ಕೆ ಯಾಕೆ ಹೋದೆ ಅಂತ ನನ್ನ ತಂಗಿ ಕೇಳಿದಳು. ನಮ್ಮ ಫೀಲ್ಡ್‌ನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತು. ಬಿಟ್ಟು ಹೋದರೆ ಹಳೇ ಬಾಕಿ ಮುಳುಗುತ್ತದೆ. ಬಾಕಿ ಬೆಳೆದಷ್ಟೂ ಬಿಡುವುದು ಕಷ್ಟ. ಬೇರೆ ತಂಡದಿಂದ ಕರೆ ಬಂದರೂ ಇವರ ಡೇಟ್ ಇದೆ ಅಂತ ನಾನೇ ಬೇಡ ಅಂದಿದ್ದೇನೆ.

ಕರಾವಳಿಯ ಯಕ್ಷಗಾನ ಮೇಳದವರನ್ನು ನೋಡಿ. ತಿರುಗಾಟ ಸುಮಾರು ನವೆಂಬರ್‌ನಿಂದ ಮೇ ತಿಂಗಳ ಪತ್ತನಾಜೆವರೆಗೆ, ಅಂದರೆ ಮೇಳಗಳು ಆಟ ಮುಗಿಸುವ ದಿನದವರೆಗೆ. ಇಡೀ ಸೀಸನ್‌ಗೆ ಇಂತಿಷ್ಟು ಅಂತ ಸಂಬಳ ಮಾತಾಡಿಕೊಂಡು ಮೇಳ ಸೇರುತ್ತಾರೆ. ಅಲ್ಲಿ ತಕರಾರೇ ಇಲ್ಲ ಅಂತಲ್ಲ. ಆದರೆ ಸಂಬಳ ಅನ್ನುವ ಮಾತಾದರೂ ಬಾಯಲ್ಲಿ ಬರುತ್ತದೆ. ನಾವು ಏನನ್ನುತ್ತೇವೆ? ಸಂಭಾವನೆ. ಗೌರವಧನ. ಕವರ್. ಇದೆಲ್ಲ ದೊಡ್ಡವರು ಮನಸ್ಸು ಬಂದಾಗ ಕೊಡುವಂಥದ್ದು. ಮರ್ಯಾದೆ ಮಾಡಲಿಲ್ಲ ಅಂತ ಯಾರಾದರೂ ಹೋಗಿ ಜಗಳ ಆಡುತ್ತಾರಾ? ನಮ್ಮ ಬೀದಿಯ ಸೊಪ್ಪಿನ ಅಕ್ಕ ಹತ್ತು ರೂಪಾಯಿ ಬಾಕಿಯನ್ನು ಗೇಟಿನಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಕೇಳುತ್ತಾಳೆ. ಅವಳು ಮಾರಿದ್ದು ಸೊಪ್ಪು. ನಾನು ಮಾರಿದ್ದು ಏನು ಅಂತ ಹೇಳುವುದಕ್ಕೆ ನನಗೇ ನಾಚಿಕೆ.

ಕೊನೆಗೆ 2024ರಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆ. ಅದು ಕೋರ್ಟ್ ಕಾಂಪೌಂಡ್‌ನಲ್ಲೇ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ವಕೀಲರು ಉಚಿತ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಬೇರೆ ಗಂಡಸರಲ್ಲಿ ಹೆಚ್ಚಿನವರಿಗೆ ವರಮಾನದ ಮಿತಿ ಇದೆ. 15100ಕ್ಕೆ ಫೋನ್ ಮಾಡಿದರೆ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ.

ಅಲ್ಲಿ ಕೊಟ್ಟ ವಕೀಲರು ನನ್ನ ಫೋನ್ ಇಸ್ಕೊಂಡು ಮಾಲೀಕರಿಗೆ ಕಳಿಸಿದ್ದ ವಾಟ್ಸಾಪ್ ಮೆಸೇಜ್ ಎಲ್ಲಾ ಓದಿದರು. 43 ಮೆಸೇಜ್ ಇತ್ತು. "ಸರ್ ನಮಸ್ತೆ, ಫ್ರೀ ಇದ್ದಾಗ ಕಾಲ್ ಮಾಡಿ." "ಸರ್ ಅದೇ ವಿಷಯ." "ಸರ್ ಸ್ವಲ್ಪ ನೋಡಿ." ಓದಿ ಮುಗಿಸಿ ಕೇಳಿದರು: "ಇದರಲ್ಲಿ ದುಡ್ಡು ಅನ್ನೋ ಪದ ಎಲ್ಲಿದೆಯಮ್ಮ?" ಒಂದರಲ್ಲೂ ಇರಲಿಲ್ಲ. ಎಷ್ಟು ಅಂತಲೂ ಇಲ್ಲ, ಯಾವ ಪ್ರೋಗ್ರಾಂದು ಅಂತಲೂ ಇಲ್ಲ. ನಾಚಿಕೆಯನ್ನು 43 ಸಲ ಟೈಪ್ ಮಾಡಿ ಕಳಿಸಿದ್ದೆ, ಅಷ್ಟೇ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಅಗ್ರಿಮೆಂಟ್ ಇಲ್ಲ ಅಂತ ಸುಮ್ನೆ ಕೂರಬೇಡಿ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ, ಸಾಬೀತು ಮಾಡುವುದಷ್ಟೇ ಕಷ್ಟ. ಅದಲ್ಲದೆ 1872ರ ಕರಾರು ಕಾಯ್ದೆಯಲ್ಲಿ 70ನೇ ಕಲಂ ಅಂತ ಒಂದಿದೆ. ನೀವು ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಇನ್ನೊಬ್ಬರಿಗೆ ನ್ಯಾಯವಾಗಿ ಏನೋ ಮಾಡಿಕೊಟ್ಟಿರಿ, ಅವರು ಅದರ ಲಾಭ ಪಡೆದರು ಅಂದರೆ, ಅದಕ್ಕೆ ತಕ್ಕದ್ದನ್ನು ಅವರು ಕೊಡಬೇಕು. ಪುಕ್ಕಟೆ ಅಲ್ಲ ಅನ್ನುವುದೇ ಮುಖ್ಯ. ಕಮಿಟಿಯವರು ಮಾಲೀಕರಿಗೆ ಕೊಟ್ಟರೋ ಬಿಟ್ಟರೋ, ಅದು ಅವರಿಬ್ಬರ ಲೆಕ್ಕ. ನನ್ನನ್ನು ಕರೆದದ್ದು ಮಾಲೀಕರು, ಕೊಡಬೇಕಾದದ್ದೂ ಅವರೇ. ಹಣಕ್ಕಾಗಿ ದಾವೆ ಹಾಕಲು ಮೂರು ವರ್ಷ ಟೈಮ್. ಆಮೇಲೆ ಎಷ್ಟು ಒಳ್ಳೆಯ ಸಾಕ್ಷಿ ಇದ್ದರೂ ಕಷ್ಟ.

ಲೇಬರ್ ಆಫೀಸಿಗೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀರಿ. ಈಗ ವೇತನ ಸಂಹಿತೆ ಅನ್ನುವ ಸಂಬಳದ ಕಾನೂನು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದು ನೌಕರರಿಗೆ. ಇವತ್ತು ಈ ತಂಡ, ನಾಳೆ ಆ ತಂಡ ಅಂತ ಹಾಡುವವಳು ಯಾರ ನೌಕರಳು? ಆ ವಾದದಲ್ಲೇ ವರ್ಷ ಕಳೆಯುತ್ತದೆ. ನನಗೆ ಸಿವಿಲ್ ದಾರಿಯೇ ಸಲೀಸು ಅಂದರು ವಕೀಲರು.

ಸಾಕ್ಷಿ ಹುಡುಕಲು ಕೂತೆವು. ನನ್ನ ಫೋಟೋ ಇರುವ ಪೋಸ್ಟರ್‌ಗಳು ಸಿಕ್ಕವು. ಅರಸೀಕೆರೆ ಹತ್ತಿರದ ಒಬ್ಬ ಹುಡುಗ ಇಡೀ ಪ್ರೋಗ್ರಾಂ ಫೇಸ್‌ಬುಕ್ ಲೈವ್ ಮಾಡಿದ್ದ, ಅವನಿಗೆ ಪುಣ್ಯ ಬರಲಿ. ಆ ಫೋನ್‌ಪೇ 2,500 ಅಂತೂ ಚಿನ್ನ. ಫೋನ್ ಮಾತ್ರ ಮಾರಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದರೆ ಕೋರ್ಟಿಗೆ ಸಾಲದು, 2024ರ ಜುಲೈಯಿಂದ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಅದರ ಜೊತೆಗೆ ಪ್ರಮಾಣಪತ್ರ ಬೇಕು.

ನೋಟಿಸ್ ಹೋಯಿತು, ಉತ್ತರ ಬರಲಿಲ್ಲ. ಆಮೇಲೆ ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ಗೆ ಅರ್ಜಿ ಕೊಟ್ಟೆವು. ಅದಕ್ಕೆ ಶುಲ್ಕವಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ. ಒಪ್ಪಿ ಸಹಿ ಹಾಕಿದರೆ ಅದು ಕೋರ್ಟ್ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಇದ್ದ ಹಾಗೆ, ಅದರ ಮೇಲೆ ಅಪೀಲು ಇಲ್ಲ. ಬರುವುದಿಲ್ಲ ಅಂದುಕೊಂಡಿದ್ದೆ, ಮಾಲೀಕರು ಬಂದರು. ಬಿಳಿ ಅಂಗಿ ಹಾಕಿಕೊಂಡು, ಪ್ರೋಗ್ರಾಂಗೆ ಬಂದ ಹಾಗೇ. "ಈ ಹುಡುಗಿಗೆ ಸ್ಟೇಜ್ ಕೊಟ್ಟಿದ್ದೇ ನಾನು ಸಾರ್. ಸಂಬಳ ಗಿಂಬಳ ಅಂತ ಏನೂ ಮಾತಾಗಿಲ್ಲ" ಅಂದರು. ಎದುರಿಗಿದ್ದ ನ್ಯಾಯಾಧೀಶರು ಫೋನ್‌ಪೇ ಹಾಳೆ ತೋರಿಸಿ, "ಹಾಗಾದ್ರೆ ಇದು ಯಾಕೆ ಕಳಿಸಿದ್ರಿ?" ಅಂತ ಕೇಳಿದರು. ಅವರು ಯೋಚನೆಯೇ ಮಾಡದೆ ಹೇಳಿಬಿಟ್ಟರು: "ಅದು ಸಂಭಾವನೆ ಸಾರ್, ಪ್ರತಿ ಪ್ರೋಗ್ರಾಂಗೂ ಕೊಡೋದೇ."

ನನ್ನ ವಕೀಲರು ಪೋಸ್ಟರ್‌ಗಳನ್ನು ಮೇಜಿನ ಮೇಲೆ ಒಂದೊಂದೇ ಇಡುತ್ತಾ ಹೋದರು. ಹನ್ನೊಂದು.

24,000ಕ್ಕೆ ಒಪ್ಪಿದೆ, ಎರಡು ಕಂತು. ಪೂರ್ತಿ ಯಾಕೆ ಹಿಡಿದು ನಿಲ್ಲಲಿಲ್ಲ ಅಂತ ನಮ್ಮ ಡ್ರಮ್ಮರ್ ಅಣ್ಣ ಈಗಲೂ ಬೈಯುತ್ತಾರೆ. ಇರಲಿ. 3,500ಕ್ಕಾಗಿ ಇನ್ನೆಷ್ಟು ವರ್ಷ ಓಡಾಡಲಿ? ಎರಡನೇ ಕಂತು ಒಂದೂವರೆ ತಿಂಗಳು ತಡವಾಗಿ ಬಂತು. ಆ ವರ್ಷ ಮೂರು ತಂಡದವರು ನನ್ನನ್ನು ಕರೆಯಲೇ ಇಲ್ಲ, ಅದನ್ನೂ ಹೇಳಬೇಕು. "ಕೋರ್ಟಿಗೆ ಎಳೆಯೋ ಹೆಂಗಸು" ಅಂತ ಮಾತಾಯಿತು. ಒಬ್ಬಳೇ ಹೋಗಿದ್ದಕ್ಕೆ ಆ ಹೆಸರು ಬಂತು. ಅದೇ ತಂಡದಲ್ಲಿ ಬಾಕಿ ಇದ್ದ ಇನ್ನೂ ನಾಲ್ವರು ಜೊತೆಗೆ ಬಂದಿದ್ದರೆ ಬರುತ್ತಿರಲಿಲ್ಲ ಅನಿಸುತ್ತದೆ. ಅವರಲ್ಲಿ ಇಬ್ಬರು ಇಲ್ಲೇ ಕೂತಿದ್ದಾರೆ, ತಲೆ ತಗ್ಗಿಸಬೇಡಿ ಮಾರಾಯ್ರೇ, ಬೈಯುತ್ತಿಲ್ಲ.

ಈಗ ಯಾರೇ ಕರೆದರೂ ಫೋನ್ ಇಟ್ಟ ತಕ್ಷಣ ಒಂದು ಮೆಸೇಜ್ ಹಾಕುತ್ತೇನೆ. ಓದುತ್ತೇನೆ, ಬೇಕಾದವರು ಬರೆದುಕೊಳ್ಳಿ: "ನಮಸ್ತೆ. ಇಂಥ ತಾರೀಕು, ಇಂಥ ಊರು, ಸಂಜೆ 7ಕ್ಕೆ ಸ್ಟೇಜ್. ಹಾಡುವ ಕೂಲಿ 2,500, ಪ್ರೋಗ್ರಾಂ ಮುಗಿದ ರಾತ್ರಿಯೇ. ಓಕೆ ಅಂತ ರಿಪ್ಲೈ ಮಾಡಿ."

ಹೋದ ವಾರ ಕಡೂರು ಕಡೆಯ ಒಬ್ಬ ಆರ್ಗನೈಸರ್ ಬರೆದರು: "ಕೂಲಿ ಅನ್ಬೇಡಿ ಮೇಡಂ, ಒಂಥರಾ ಆಗುತ್ತೆ. ಪೇಮೆಂಟ್ ಅನ್ನಿ. 2,500 ಓಕೆ."

ಆ ಮೆಸೇಜ್ ಡಿಲೀಟ್ ಮಾಡಿಲ್ಲ.