ಅಜ್ಜಿಯ ಊರು ಮತ್ತು ತಕ್ಕಡಿಯ ಇನ್ನೊಂದು ತಟ್ಟೆ

ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ನಮ್ಮಂಥ ವೈದ್ಯರನ್ನು ಕರೆಸುವವರು, ನಾವು ಪರದೆಯ ಮೇಲೆ ಮೆದುಳಿನ ಚಿತ್ರವೊಂದನ್ನು ತೋರಿಸಿ ಹೆರಾಯಿನ್ ಅದರೊಳಗೆ ಏನು ಮಾಡುತ್ತದೆ ಎಂದು ವಿವರಿಸಲಿ ಎಂದು ಬಯಸುತ್ತಾರೆ. ಆ ಚಿತ್ರ ನನ್ನ ಬಳಿಯೂ ಇದೆ. ಇಂದು ಅದನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಓಪಿಯಾಯ್ಡ್, ಅಂದರೆ ಹೆರಾಯಿನ್, ಅಫೀಮಿನಂಥ ಮದ್ದುಗಳ ವ್ಯಸನವಿರುವ ವ್ಯಕ್ತಿ ಈ ಸಂಜೆ ಮತ್ತೆ ಅದನ್ನು ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂಬುದು ಅವನ ತಲೆಯೊಳಗೆ ಎಷ್ಟು ತೀರ್ಮಾನವಾಗುತ್ತದೆಯೋ, ಅವನು ನಿಂತಿರುವ ಬೀದಿಯಲ್ಲಿ, ಅವನ ಜೇಬಿನಲ್ಲಿ, ಅವನಿಗೆ ತೆರೆದಿರುವ ಬೇರೆ ಬಾಗಿಲುಗಳಲ್ಲಿಯೂ ಅಷ್ಟೇ ತೀರ್ಮಾನವಾಗುತ್ತದೆ ಎಂಬುದನ್ನು ಹೇಳಲು ನನಗೆ ಆ ಚಿತ್ರ ಬೇಕಾಗಿಲ್ಲ.

ಹೊರರೋಗಿ ವಿಭಾಗಕ್ಕೆ ಬರುವ ತಂದೆಯರು ಬಹುಮಟ್ಟಿಗೆ ಒಂದೇ ಮಾತು ಹೇಳುತ್ತಾರೆ: "ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಬಿಡಬಹುದು, ಡಾಕ್ಟ್ರೇ." ತಾಯಂದಿರ ಮಾತು ಬೇರೆ. ಮಗನನ್ನು ಅಜ್ಜಿಯ ಊರಿಗೆ ಕಳಿಸಿದ್ದೆವು, ನಾಲ್ಕು ತಿಂಗಳು ಹಸು ನೋಡಿಕೊಂಡು ಚೆನ್ನಾಗಿಯೇ ಇದ್ದ, ಇಲ್ಲಿ ಬಸ್ ಇಳಿದ ವಾರವೇ ಮತ್ತೆ ಶುರುವಾಯಿತು ಎನ್ನುತ್ತಾರೆ. ತಂದೆ ಹೇಳುವುದು ಸಿದ್ಧಾಂತ, ತಾಯಿ ಹೇಳುವುದು ಕಂಡದ್ದು. ನಾನು ತಾಯಿಯ ಪಕ್ಷ. (ಮದುವೆ ಮಾಡಿದರೆ ಸರಿಹೋಗುತ್ತಾನೆ ಎನ್ನುವ ಮೂರನೆಯ ಪಕ್ಷವೂ ಇದೆ, ಆ ಹುಡುಗಿಯನ್ನು ಯಾರೂ ಕೇಳಿರುವುದಿಲ್ಲವಾದ್ದರಿಂದ ಅದನ್ನು ನಾನು ಇಲ್ಲಿ ಚರ್ಚೆಗೆ ತೆಗೆದುಕೊಳ್ಳುವುದಿಲ್ಲ.)

ಆ ತಾಯಿ ಕಂಡದ್ದನ್ನು ಅಮೆರಿಕ ಸರ್ಕಾರ ಬಹಳ ಹಣ ಖರ್ಚು ಮಾಡಿ ಕಂಡುಕೊಂಡಿತು. 1971ರಲ್ಲಿ ವಿಯೆಟ್ನಾಂನಿಂದ ಹಿಂದಿರುಗಿದ ಇಬ್ಬರು ಸಂಸದರು, ಅಲ್ಲಿನ ತಮ್ಮ ಸೈನಿಕರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿ ಹೆರಾಯಿನ್‌ಗೆ ಬಿದ್ದಿದ್ದಾರೆ ಎಂದು ವರದಿ ಕೊಟ್ಟರು. ಅಲ್ಲಿ ಸಿಗುತ್ತಿದ್ದ ಹೆರಾಯಿನ್ ಅಗ್ಗವಾಗಿತ್ತು, ಸೂಜಿಯ ಗೊಡವೆಯಿಲ್ಲದೆ ಸಿಗರೇಟಿಗೆ ತುಂಬಿ ಸೇದುವಷ್ಟು ಶುದ್ಧವಾಗಿತ್ತು. ಇಷ್ಟು ಹುಡುಗರು ಮನೆಗೆ ಬಂದರೆ ಊರೂರಿನ ಗತಿಯೇನು ಎಂದು ವಾಷಿಂಗ್ಟನ್ ನಡುಗಿತು. ಅಧ್ಯಕ್ಷ ನಿಕ್ಸನ್ ಮನೋವೈದ್ಯ ಜೆರೋಮ್ ಜಾಫಿ ಅವರನ್ನು ಕರೆಸಿ ಹೊಣೆ ಒಪ್ಪಿಸಿದರು. ಜಾಫಿ ಹೂಡಿದ ಉಪಾಯ ಸರಳವಾಗಿತ್ತು: ಮೂತ್ರ ಪರೀಕ್ಷೆಯಲ್ಲಿ ಪಾಸಾಗದವನಿಗೆ ಮನೆಯ ವಿಮಾನವಿಲ್ಲ. ಸೈನಿಕರು ಇದಕ್ಕೆ ಇಟ್ಟ ಹೆಸರನ್ನು ಸಭ್ಯವಾಗಿ ಅನುವಾದಿಸಿದರೆ 'ಸುವರ್ಣಧಾರಾ ಕಾರ್ಯಾಚರಣೆ' ಎಂದಾಗುತ್ತದೆ; ನಮ್ಮ ಯಾವುದೋ ಸರ್ಕಾರಿ ಯೋಜನೆಗೆ ಆ ಹೆಸರು ಇನ್ನೂ ಬಂದಿಲ್ಲವೆಂಬುದೇ ಆಶ್ಚರ್ಯ. ನಗೆಯ ನಡುವೆ ಒಂದನ್ನು ಗಮನಿಸಿ. ಪರೀಕ್ಷೆ ಇದೆಯೆಂದು ಮೊದಲೇ ತಿಳಿದಿದ್ದ ಹುಡುಗರಲ್ಲಿ ಬಹಳಷ್ಟು ಮಂದಿ ಆ ದಿನದ ಹೊತ್ತಿಗೆ ನಿಲ್ಲಿಸಿಕೊಂಡಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಹೆರಾಯಿನ್ ಇದ್ದರೆ ಇನ್ನೊಂದರಲ್ಲಿ ಮನೆಯಿತ್ತು, ಅದೂ ಎಂದೋ ಸಿಗುವ ಮನೆಯಲ್ಲ, ಆ ವಾರವೇ ಹತ್ತಬಹುದಾದ ವಿಮಾನದ ಮನೆ.

ಆ ವರ್ಷದ ಸೆಪ್ಟೆಂಬರಿನಲ್ಲಿ ಮರಳಿದವರನ್ನು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲೀ ರಾಬಿನ್ಸ್ ಎಂಬ ಸಮಾಜವಿಜ್ಞಾನಿ ಬೆನ್ನುಹತ್ತಿ ಹುಡುಕಿ ಮಾತನಾಡಿಸಿದರು. ಸುಮಾರು ಐವರಲ್ಲೊಬ್ಬರು ತಾವು ವಿಯೆಟ್ನಾಂನಲ್ಲಿ ವ್ಯಸನಿಗಳಾಗಿದ್ದೆವು ಎಂದು ಒಪ್ಪಿಕೊಂಡರು. ಆ ವ್ಯಸನಿಗಳಲ್ಲಿ ಮರಳಿದ ಮೊದಲ ವರ್ಷದೊಳಗೆ ಮತ್ತೆ ವ್ಯಸನಕ್ಕೆ ಬಿದ್ದವರು ನೂರಕ್ಕೆ 5 ಮಂದಿ. ಮೂರು ವರ್ಷಗಳ ಲೆಕ್ಕದಲ್ಲಿಯೂ ಆ ಸಂಖ್ಯೆ 12ನ್ನು ದಾಟಲಿಲ್ಲ. ಇನ್ನೂ ಕುತೂಹಲದ ಸಂಗತಿಯೆಂದರೆ, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಊರಿಗೆ ಬಂದ ಮೇಲೂ ಒಮ್ಮೆಯಾದರೂ ಅದನ್ನು ಮುಟ್ಟಿದ್ದರು. ಮುಟ್ಟಿಯೂ ಹೆಚ್ಚಿನವರು ಹಳೆಯ ಸ್ಥಿತಿಗೆ ಮರಳಲಿಲ್ಲ.

ಇಲ್ಲಿಗೆ ಬಂದಾಗಲೆಲ್ಲ ಸಭೆಯಲ್ಲಿ ಯಾರಾದರೂ ಎದ್ದು, ಸೈನಿಕರ ಮನಸ್ಸು ಗಟ್ಟಿ ಸ್ವಾಮಿ, ಎನ್ನುತ್ತಾರೆ. ಹಾಗಾದರೆ ಅದೇ ದೇಶದ ಕೆಂಟಕಿಯ ಲೆಕ್ಸಿಂಗ್ಟನ್ನಿನ ಕಥೆ ಕೇಳಿ. 1935ರಲ್ಲಿ ಅಲ್ಲಿ ಹಸುರು ಹೊಲಗಳ ನಡುವೆ ವ್ಯಸನಿಗಳಿಗಾಗಿ ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ ತೆರೆಯಿತು. ಅಲ್ಲಿ ಹೈನುಗಾರಿಕೆಯಿತ್ತು, ದುಡಿಮೆಯಿತ್ತು, ನುರಿತ ವೈದ್ಯರಿದ್ದರು. ಸರ್ಕಾರ ತಾನೇ ಕಟ್ಟಿಸಿದ ಅಜ್ಜಿಯ ಊರು ಎನ್ನಿ. ಅಲ್ಲಿ ತಿಂಗಳುಗಟ್ಟಲೆ ಮುಟ್ಟದೆ ಇದ್ದು ನ್ಯೂಯಾರ್ಕಿಗೆ ಮರಳಿದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಮತ್ತೆ ವ್ಯಸನಕ್ಕೆ ಬಿದ್ದರು. ಸೈನಿಕ ತಾನು ಸೇದಿದ ಜಾಗವನ್ನು ಸಮುದ್ರದಾಚೆ ಬಿಟ್ಟು ಮನೆಗೆ ಬಂದಿದ್ದ, ಲೆಕ್ಸಿಂಗ್ಟನ್ನಿನ ರೋಗಿ ತಾನು ಚುಚ್ಚಿಕೊಳ್ಳುತ್ತಿದ್ದ ಮೆಟ್ಟಿಲಿಗೇ ಮನೆಗೆ ಬಂದಿದ್ದ. ಆ ಆಸ್ಪತ್ರೆಯಲ್ಲಿದ್ದ ಅಬ್ರಹಾಂ ವಿಕ್ಲರ್ ಎಂಬ ವೈದ್ಯರು ಒಂದು ವಿಚಿತ್ರವನ್ನು ಬರೆದಿಟ್ಟಿದ್ದಾರೆ: ಎಷ್ಟೋ ತಿಂಗಳಿನಿಂದ ಮದ್ದು ಮುಟ್ಟದ ರೋಗಿಗಳು ಗುಂಪಿನಲ್ಲಿ ಕುಳಿತು ಬರೀ ಅದರ ಮಾತಾಡುತ್ತಿದ್ದಂತೆಯೇ, ಮದ್ದು ಆಗಷ್ಟೇ ನಿಂತವರ ಹಾಗೆ ಆಕಳಿಸತೊಡಗುತ್ತಿದ್ದರು, ಅವರ ಕಣ್ಣು ಮೂಗುಗಳಲ್ಲಿ ನೀರು ಸುರಿಯುತ್ತಿತ್ತು. ಹುಣಸೆಹಣ್ಣಿನ ಮಾತೆತ್ತಿದರೆ ಬಾಯಲ್ಲಿ ನೀರೂರುವ ನಮಗೆ ಇದು ತೀರ ಅರ್ಥವಾಗದ ಸಂಗತಿಯೇನಲ್ಲ.

ಜಾಗದ ಪ್ರಭಾವ ಹಂಬಲಕ್ಕಷ್ಟೇ ಸೀಮಿತವಲ್ಲ, ಜೀವಕ್ಕೂ ಮುಟ್ಟುತ್ತದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಶೆಪರ್ಡ್ ಸೀಗಲ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಒಂದೇ ಕೋಣೆಯಲ್ಲಿ ಹೆರಾಯಿನ್ ಕೊಟ್ಟು ರೂಢಿ ಮಾಡಿಸಿ, ಕೊನೆಗೆ ದೊಡ್ಡ ಪ್ರಮಾಣವೊಂದನ್ನು ಚುಚ್ಚಲಾಯಿತು. ರೂಢಿಯ ಕೋಣೆಯಲ್ಲಿ ಸತ್ತವು ನೂರಕ್ಕೆ 32, ಬೇರೆ ಕೋಣೆಯಲ್ಲಿ 64, ಹೆರಾಯಿನ್ ಕಂಡೇ ಇರದ ಇಲಿಗಳಲ್ಲಿ 96. ಪರಿಚಿತ ಕೋಣೆಯನ್ನು ಕಂಡೊಡನೆ ದೇಹ ಸಿದ್ಧವಾಗುತ್ತದೆ, ಹೊಸ ಕೋಣೆಯಲ್ಲಿ ಆ ಸಿದ್ಧತೆ ಇರುವುದಿಲ್ಲ. (ಇಲಿಗಳೆಂದರೆ ಬ್ರೂಸ್ ಅಲೆಕ್ಸಾಂಡರ್ ಅವರ 'ಇಲಿ ಉದ್ಯಾನ' ನಿಮ್ಮಲ್ಲಿ ಅನೇಕರಿಗೆ ನೆನಪಾಗುತ್ತದೆ, ವಿಶಾಲ ಜಾಗವೂ ಸಂಗಾತಿಗಳೂ ಇದ್ದ ಇಲಿಗಳು ಒಂಟಿ ಪಂಜರದವುಗಳಿಗಿಂತ ಕಡಿಮೆ ಮಾರ್ಫಿನ್ ಕುಡಿದವು ಎಂಬ ಸೊಗಸಾದ ಕಥೆ ಅದು, ಆದರೆ ಬೇರೆಯವರು ಮಾಡಿ ನೋಡಿದಾಗ ಪ್ರತಿಸಲವೂ ಅದೇ ಫಲ ಬರಲಿಲ್ಲವಾದ್ದರಿಂದ ನನ್ನ ವಾದವನ್ನು ಅದರ ಮೇಲೆ ನಿಲ್ಲಿಸುವುದಿಲ್ಲ.)

ಮತ್ತೆ ತಕ್ಕಡಿಗೆ ಬರುತ್ತೇನೆ. ನನ್ನ ವಿದ್ಯಾರ್ಥಿಗಳು ಈ ಮಾತಿಗೆ ಈಗಾಗಲೇ ಮುಗುಳ್ನಗುತ್ತಿದ್ದಾರೆ. ಇನ್ನೊಂದು ತಟ್ಟೆಯಲ್ಲಿ ಏನನ್ನಾದರೂ ಇಟ್ಟರೆ ಸಾಲದು, ಅದು ಕೈಗೆಟುಕುವ ದೂರದಲ್ಲಿರಬೇಕು. ಓಪಿಯಾಯ್ಡ್ ವ್ಯಸನವಿರುವವರಿಗೆ ನಾಳೆಯ ಹಣ ನಮಗೆ ಕಾಣುವುದಕ್ಕಿಂತ ಎಷ್ಟೋ ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು 1997ರಲ್ಲಿ ಗ್ರೆಗರಿ ಮ್ಯಾಡನ್ ಮತ್ತು ಸಂಗಡಿಗರು ಅಳೆದು ತೋರಿಸಿದರು. ಮದ್ದು ನಿಂತಾಗ ಬರುವ ಮೈಕೈ ನೋವು, ಭೇದಿ, ನಡುಕಗಳ ನಡುವೆ ಕುಳಿತವನಿಗೆ, ಚೆನ್ನಾಗಿ ಬಾಳಿದರೆ ಐದು ವರ್ಷದಲ್ಲಿ ಮನೆ ಕಟ್ಟಬಹುದು ಎಂಬ ಬೋಧನೆ ಆ ತಟ್ಟೆಯಲ್ಲಿ ಗುಲಗಂಜಿಯಷ್ಟೂ ತೂಗುವುದಿಲ್ಲ. ಅಮೆರಿಕದ ಬಾಲ್ಟಿಮೋರಿನ ಸಂಶೋಧಕ ಕೆನೆತ್ ಸಿಲ್ವರ್‌ಮನ್ ಇದನ್ನು ಅರಿತು, ಹೆರಾಯಿನ್ ಬದಲಿಗೆ ವೈದ್ಯರು ಕೊಡುವ ಮೆಥಡೋನ್ ಎಂಬ ಔಷಧದ ಚಿಕಿತ್ಸೆಯಲ್ಲಿದ್ದೂ ಮಾದಕ ವಸ್ತು ಬಿಡಲಾಗದ ಬಡ ಗರ್ಭಿಣಿಯರಿಗೂ ಬಾಣಂತಿಯರಿಗೂ ಒಂದು ಕೆಲಸದ ಕೋಣೆ ತೆರೆದರು. ಮೂತ್ರದ ಮಾದರಿ ಶುದ್ಧವಾಗಿದ್ದರೆ ಅಂದು ಒಳಗೆ ಬಂದು ಟೈಪಿಂಗ್ ಕಲಿತು ಕೂಲಿ ಪಡೆಯಬಹುದು, ಇಲ್ಲವಾದರೆ ಅಂದು ಬಾಗಿಲು ತೆರೆಯದು, ಮತ್ತೊಂದು ದಿನ ತೆರೆಯುತ್ತದೆ. ಅಂಥ ಕೆಲಸವಿಲ್ಲದೆ ಬರೀ ಚಿಕಿತ್ಸೆಯಲ್ಲಿದ್ದವರ ಮಾದರಿಗಳಲ್ಲಿ ನೂರಕ್ಕೆ 33 ಶುದ್ಧವಾಗಿದ್ದರೆ, ಈ ಹೆಂಗಸರಲ್ಲಿ ಅದು 59ಕ್ಕೆ ಏರಿತು. ಅವರ ಮನಸ್ಸನ್ನು ಯಾರೂ ಗಟ್ಟಿ ಮಾಡಿರಲಿಲ್ಲ. ಬಾಗಿಲೊಂದನ್ನು ಹತ್ತಿರಕ್ಕೆ ತಂದಿದ್ದರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷವಂತೆ. ನಗರದ ಬಾಡಿಗೆ, ಪೊಲೀಸು, ಗೆಳೆಯರ ಗುಂಪು ಎಂಬ ಮೂರು ಶೀರ್ಷಿಕೆಗಳನ್ನು ಹಾರಿಸುತ್ತೇನೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಓಪಿಯಾಯ್ಡ್ ಸಮಸ್ಯೆಗೆ ನೆರವು ಬೇಕಿರುವವರು ಸುಮಾರು 77 ಲಕ್ಷ. ನಾಲಿಗೆಯಡಿ ಇಟ್ಟುಕೊಳ್ಳುವ ಬ್ಯೂಪ್ರೆನಾರ್ಫಿನ್ ಮಾತ್ರೆ ನಮ್ಮಲ್ಲಿ ಇದೆ. ಅದು ಆ ನಡುಕವನ್ನು ತಗ್ಗಿಸಿ ನಾಳೆಯನ್ನು ಕಣ್ಣಳತೆಗೆ ತರುತ್ತದೆ. ಆದರೆ ಅದನ್ನು ಸಿಬ್ಬಂದಿಯ ಎದುರಿನಲ್ಲೇ ದಿನವೂ ತೆಗೆದುಕೊಳ್ಳಬೇಕಾದ ಕೇಂದ್ರಕ್ಕೆ ಗಾರೆ ಕೆಲಸದವನೊಬ್ಬ ಬರಬೇಕಾದರೆ ಎರಡು ಬಸ್ಸು ಬದಲಿಸಿ, ಸರದಿಯಲ್ಲಿ ನಿಂತು, ಅಂದಿನ ಅರ್ಧ ಕೂಲಿ ಬಿಡಬೇಕು. ಹೆರಾಯಿನ್ ಮಾರುವವನಾದರೋ ಗಲ್ಲಿಯ ತುದಿಯಲ್ಲಿ ರಾತ್ರಿ ಹನ್ನೊಂದಕ್ಕೂ ಸಿಗುತ್ತಾನೆ, ಮತ್ತು ಅವನು ಆಧಾರ್ ಕಾರ್ಡು ಕೇಳುವುದಿಲ್ಲ. ಆರೋಗ್ಯ ಇಲಾಖೆಯವರು ಮುಂದಿನ ಸಾಲಿನಲ್ಲಿ ಕುಳಿತಿರುವುದರಿಂದ ಕೇಳುತ್ತೇನೆ: ಬೆಳಿಗ್ಗೆ ಏಳಕ್ಕೆ, ಕೂಲಿಗೆ ಹೋಗುವ ಮುನ್ನ, ಒಂದು ಗಂಟೆ ಆ ಕಿಟಕಿ ತೆರೆದಿಡಲು ಏನು ಅಡ್ಡಿ?

ಪ್ರಮಾಣ ಮೀರಿ ಉಸಿರು ನಿಲ್ಲುತ್ತಿರುವವನನ್ನು ಉಳಿಸಬಲ್ಲ ನ್ಯಾಲೊಕ್ಸೋನ್ ಔಷಧದ ಬಗ್ಗೆ ಹೇಳುವುದು ಉಳಿಯಿತು, ವಾರ್ಡಿನಿಂದ ಬಿಡುಗಡೆಯಾದ ಮೊದಲ ವಾರಗಳ ಅಪಾಯದ ಬಗ್ಗೆಯೂ ಉಳಿಯಿತು. ಮಗನನ್ನು ಅಜ್ಜಿಯ ಊರಿನಿಂದ ಈ ತಿಂಗಳು ಕರೆತರಬೇಕೆಂದಿರುವವರು ಈ ಸಭೆಯಲ್ಲಿದ್ದರೆ, ಟಿಕೆಟ್ ಮಾಡಿಸುವ ಮುಂಚೆ ಚಹಾದ ಹೊತ್ತಿನಲ್ಲಿ ನನ್ನನ್ನು ಕಾಣಿ. ಕೆಲವು ಕಾಲ ಮುಟ್ಟದೆ ಇದ್ದು ದೇಹದ ತಾಳಿಕೆ ಇಳಿದ ಮೇಲೆ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಹುದು. ಅದನ್ನು ಮಾತ್ರ ನಿಂತುಕೊಂಡಾದರೂ ಹೇಳಿ ಹೋಗುತ್ತೇನೆ.