ನೀವು ಯಾರನ್ನು ಕೇಳಿದಿರಿ?

ಕೇಳುಗರಿಗೆ ನಮಸ್ಕಾರ. ಸೈಕಾಲಜಿಗೆ ಸೇರುವ ಮಕ್ಕಳನ್ನು ಯಾಕಮ್ಮಾ ಇದನ್ನೇ ತಗೊಂಡೆ ಅಂತ ಕೇಳಿದರೆ, ಜನರ ಮನಸ್ಸು ಅರ್ಥ ಮಾಡಿಕೊಳ್ಳಬೇಕು ಅನ್ನುತ್ತಾರೆ. ಆಮೇಲೆ ಟೈಮ್‌ಟೇಬಲ್‌ನಲ್ಲಿ ರಿಸರ್ಚ್ ಮೆಥಡ್ಸ್, ಅಂದರೆ ಸಂಶೋಧನೆ ಮಾಡುವ ವಿಧಾನಗಳ ಪೇಪರು ಕಾಣುತ್ತದೆ, ಪಕ್ಕದಲ್ಲೇ ಸ್ಟಾಟಿಸ್ಟಿಕ್ಸ್. ಮುಖ ಬಾಡುತ್ತದೆ. ನಾನು ಬೆಂಗಳೂರಿನಲ್ಲಿ ಪಾಠ ಮಾಡುವುದು ಇದೇ ಪೇಪರನ್ನು, ಇಡೀ ಕೋರ್ಸಿನಲ್ಲಿ ಇದಕ್ಕಿಂತ ನನಗೆ ಇಷ್ಟವಾದದ್ದು ಬೇರೆ ಇಲ್ಲ. ಅದನ್ನು ರೇಡಿಯೋದಲ್ಲಿ ಹೇಳುವುದಕ್ಕೂ ಖುಷಿಯಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನ ಬಾನುಲಿಯನ್ನೂ ಶುರು ಮಾಡಿದವರು.

ಮೊದಲ ಕ್ಲಾಸಿನಲ್ಲಿ ನಾನು ಹೇಳುವುದು ಒಂದು ಕುದುರೆಯ ಕಥೆ. ನೂರು ವರ್ಷಕ್ಕೂ ಹಿಂದೆ ಬರ್ಲಿನ್‌ನಲ್ಲಿ ಹಾನ್ಸ್ ಅಂತ ಕುದುರೆ ಇತ್ತು, ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಕೊಡುತ್ತಿತ್ತು. ಮಾಲೀಕ ಮೋಸ ಮಾಡುತ್ತಿರಲಿಲ್ಲ. ಆಸ್ಕರ್ ಫುಂಗ್‌ಸ್ಟ್ ಎಂಬಾತ ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿರದ ಹಾಗೆ ಏರ್ಪಾಡು ಮಾಡಿದ, ಕುದುರೆ ತಪ್ಪತೊಡಗಿತು. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ಅವರಿಗೇ ಗೊತ್ತಾಗದಷ್ಟು ಅಲುಗುತ್ತಿತ್ತು, ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಇದು 1907ರಲ್ಲಿ ಪ್ರಕಟವಾಯಿತು. ಈಗ ಪ್ರಯೋಗ ಮಾಡುವವರಿಗೂ ಯಾರು ಯಾವ ಗುಂಪಿನವರು ಅಂತ ಗೊತ್ತಾಗದಂತೆ ಇಡುವುದು ಇದೇ ಭಯದಿಂದ.

ಆದರೆ ನಮ್ಮೂರಿನಲ್ಲಿ ನನಗೆ ಜಾಸ್ತಿ ಚಿಂತೆ ಸ್ಯಾಂಪಲ್‌ನದು, ಅಂದರೆ ಅಧ್ಯಯನಕ್ಕೆ ನಾವು ಆರಿಸಿಕೊಳ್ಳುವ ಜನರದು. ಟ್ರಾಫಿಕ್‌ನಿಂದ ಒತ್ತಡ ಎಷ್ಟು ಅಂತ ಒಬ್ಬ ಹುಡುಗಿ ಡಿಸರ್ಟೇಷನ್, ಅಂದರೆ ಸಂಶೋಧನಾ ಪ್ರಬಂಧ, ಮಾಡುತ್ತಾಳೆ ಅಂತಿಟ್ಟುಕೊಳ್ಳಿ. ಗೂಗಲ್ ಫಾರ್ಮ್ ಮಾಡಿ, ವಾಟ್ಸಾಪ್ ಗ್ರೂಪುಗಳಿಗೆ ಹಾಕಿ, ಕ್ಲಾಸ್‌ಮೇಟ್‌ಗಳು, ಅವರ ಅಕ್ಕಂದಿರು, ಐಟಿಯಲ್ಲಿರುವ ಕಸಿನ್‌ಗಳು ತುಂಬಿದರೆ ಮುಗಿಯಿತು, ಮೇಲೆ ಮಾತ್ರ ‘ಬೆಂಗಳೂರಿನ ಜನರಲ್ಲಿ ಒತ್ತಡ’ ಅಂತ ಹೆಸರು. ಬಿಎಂಟಿಸಿ ಡ್ರೈವರ್ ಎಲ್ಲಿ? ಪೀಣ್ಯದ ಗಾರ್ಮೆಂಟ್ಸ್‌ಗೆ ಬೆಳಗ್ಗೆಯೇ ಬಸ್ಸಿಗೆ ನಿಲ್ಲುವ ಹೆಂಗಸರು ಎಲ್ಲಿ? ರಸ್ತೆಯಲ್ಲಿ ನಿಜವಾಗಿ ಬೇಯುವವರು ಅವರೇ ಅಲ್ವಾ! ಜೋಸೆಫ್ ಹೆನ್ರಿಕ್ ಎಂಬ ಸಂಶೋಧಕ ಮತ್ತು ಜೊತೆಗಾರರು 2010ರಲ್ಲಿ ಇದೇ ಮಾತನ್ನು ಪ್ರಪಂಚದ ಮಟ್ಟದಲ್ಲಿ ಎತ್ತಿದರು. ಸೈಕಾಲಜಿಯ ಸಂಶೋಧನೆ ಬಹುಪಾಲು ಪಾಶ್ಚಾತ್ಯ ದೇಶಗಳ ಓದಿದವರ ಮೇಲೆಯೇ ನಡೆದಿದೆ, ಅದನ್ನು ಮನುಷ್ಯರೆಲ್ಲರ ಸ್ವಭಾವ ಅಂತ ಬರೆದುಬಿಟ್ಟಿದ್ದಾರೆ ಅಂತ.

ಹಾಗಂತ ಸುಮ್ನೆ ಫ್ಯಾಕ್ಟರಿಗೆ ನುಗ್ಗುವುದೂ ಸರಿಯಲ್ಲ. ಸೂಪರ್‌ವೈಸರ್ ಕರೆದು ಕೂರಿಸಿದರೆ ಆ ಹೆಂಗಸರು ಬೇಡ ಅನ್ನುವುದು ಹೇಗೆ? ಕೈಗೆ ಒಪ್ಪಿಗೆ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಕೆಲಸ ಮುಗಿದ ಮೇಲೆ, ಗೇಟಿನ ಹೊರಗೆ, ಕನ್ನಡದಲ್ಲಿ ಓದಿ ಹೇಳಿ, ಇಷ್ಟವಿಲ್ಲದಿದ್ದರೆ ಈಗಲೇ ಎದ್ದು ಹೋಗಬಹುದು ಅಂತ ತಿಳಿಸಬೇಕು. ಕೆಲವರು ಹೋಗುತ್ತಾರೆ. ಹೋಗಲಿ ಬಿಡಿ, ಅದು ಅವರ ಹಕ್ಕು.

ಎರಡು ತಿಂಗಳ ಪ್ರಾಜೆಕ್ಟ್‌ನಲ್ಲಿ ಇದೆಲ್ಲ ಆಗಲ್ಲ ಮೇಡಂ ಅನ್ನುತ್ತಾರೆ. ಒಪ್ಪುತ್ತೇನೆ. ಆಗ ಪ್ರಬಂಧದ ಹೆಸರನ್ನೇ ಬದಲಿಸಿ, ‘ಬೆಂಗಳೂರಿನ ಒಂದು ಕಾಲೇಜಿನ ವಿದ್ಯಾರ್ಥಿಗಳಲ್ಲಿ’ ಅಂತ ಬರೆಯಿರಿ. ಯಾರನ್ನು ಕೇಳಲಾಗಲಿಲ್ಲ, ಯಾಕೆ ಅನ್ನುವುದನ್ನು ಮಿತಿಗಳ ಭಾಗದಲ್ಲಿ ಬಿಡಿಸಿ ಬರೆಯಿರಿ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾನು ಮೊದಲು ತೆಗೆದು ಓದುವುದು ಆ ಪುಟವನ್ನೇ. ನಮಸ್ಕಾರ.